ಪದ ಬೇಕಿದೆ: ‘ಸ್ಟ್ಯಾಂಪ್ ಆಕ್ಟ್’ಗೆ ಅಂಚೆಚೀಟಿ ಕಾಯ್ದೆ ಸರಿಯಾ?

ಬಲ್ಲವರಿಗೆ ನಮಸ್ಕಾರ. ಶಾಲೆಯ ವಸ್ತುಪ್ರದರ್ಶನಕ್ಕೆ ಅಮೆರಿಕದ ಸ್ವಾತಂತ್ರ್ಯ ಹೋರಾಟದ ಬೋರ್ಡ್ ಬರೆಯುತ್ತಿದ್ದೇನೆ. 1765ರ ಸ್ಟ್ಯಾಂಪ್ ಆಕ್ಟ್‌ಗೆ ಹಳೆಯ ನೋಟ್ಸಿನಲ್ಲಿ ‘ಅಂಚೆಚೀಟಿ ಕಾಯ್ದೆ’ ಅಂತಿದೆ. ಇಡಬಹುದಾ? 1775ರ ಲೆಕ್ಸಿಂಗ್ಟನ್ ಕಾಳಗಕ್ಕೆ ದಂಗೆ, ಬಂಡಾಯ, ಕ್ರಾಂತಿ ಇವುಗಳಲ್ಲಿ ಯಾವುದು? ಸಂಜೆಯೊಳಗೆ ಪ್ರಿಂಟಿಗೆ ಕೊಡಬೇಕು.

ಉತ್ತರ:
ಅಂಚೆಚೀಟಿ ಬೇಡವೇ ಬೇಡ. ಅಂಟಿಸುವ ಅಂಚೆಚೀಟಿ ಹುಟ್ಟಿದ್ದೇ 1840ರಲ್ಲಿ. ಈ ಕಾಯ್ದೆಯ ಸ್ಟ್ಯಾಂಪ್ ಅಂದರೆ ತೆರಿಗೆಯ ಗುರುತಾಗಿ ಕಾಗದದ ಮೇಲೆ ಒತ್ತಿದ ಉಬ್ಬುಮುದ್ರೆ. ಪತ್ರಿಕೆ, ಕರಾರುಪತ್ರ, ಕೋರ್ಟಿನ ಕಾಗದ ಎಲ್ಲಕ್ಕೂ ಬೇಕಿತ್ತು. ಇಸ್ಪೀಟಿನ ಕಟ್ಟಿಗೆ 1 ಶಿಲ್ಲಿಂಗ್, ಒಂದು ಜೊತೆ ದಾಳಕ್ಕೆ 10! ನಮ್ಮ ಪ್ರತಿನಿಧಿಯೇ ಇಲ್ಲದ ಬ್ರಿಟಿಷ್ ಪಾರ್ಲಿಮೆಂಟು ನಮಗೆ ತೆರಿಗೆ ಹಾಕುವುದು ಹೇಗೆ ಅನ್ನೋದು ವಸಾಹತಿನವರ ತಕರಾರು. ಬಾಸ್ಟನ್ನಿನಲ್ಲಿ ಈ ಮುದ್ರೆ ಹಂಚಬೇಕಿದ್ದ ಆಂಡ್ರೂ ಆಲಿವರ್‌ನ ಗೊಂಬೆ ಮಾಡಿ ಮರಕ್ಕೆ ನೇತುಹಾಕಿದರು. ಮರುವರ್ಷವೇ ಕಾಯ್ದೆ ವಾಪಸಾಯಿತು. ‘ಛಾಪಾ ಕಾಗದದ ಕಾಯ್ದೆ’ ಅನ್ನಿ, ಮುಗೀತು.

ಉತ್ತರ:
ಛಾಪಾ ನಮ್ಮದಲ್ಲ, ಹಿಂದಿ-ಮರಾಠಿಯದ್ದು. ಆ ಮಹಾಪ್ರಾಣ ಯಾರ ಬಾಯಲ್ಲಿ ಹೊರಳುತ್ತದೆ? ನಮಗೆ ‘ಅಚ್ಚು’ ಇದೆ. ತಮಿಳು, ಮಲಯಾಳದಲ್ಲೂ ಅಚ್ಚೇ. ‘ಒತ್ತಚ್ಚು ಕಾಯ್ದೆ’ ಅಂತ ಬರೆಯಿರಿ.

ಉತ್ತರ:
ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತು ‘ಒತ್ತಚ್ಚು ಕಾಗದ ಕೊಡಿ’ ಅಂತ ಕೇಳಿ ನೋಡಿ. ನಕಲಿ ಛಾಪಾ ಕಾಗದದ ಹಗರಣ ಆದಾಗ ಪತ್ರಿಕೆಗಳು ಬರೆದದ್ದು ಯಾವ ಪದ? ಅಂದಹಾಗೆ, ಛಾಪಾ ತೆಗೆದವರು ‘ಕಾಯ್ದೆ’ ಯಾಕೆ ಉಳಿಸಿಕೊಂಡಿರಿ? ಅದು ಅರಬ್ಬಿ.

ಉತ್ತರ:
‘ಕಟ್ಟಳೆ’ ಅಂತ ತಿದ್ದಿಕೊಳ್ಳಿ. ಬಂದದ್ದನ್ನೆಲ್ಲ ಹೀಗೆ ಒಳಗೆ ಬಿಟ್ಟುಕೊಂಡರೆ ನಾಳೆ ಕನ್ನಡದಲ್ಲಿ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ:
ಸರ್ಕಾರಿ ಪದ ‘ಮುದ್ರಾಂಕ’ ಇದೆಯಲ್ಲ? ಮುದ್ರಾಂಕ ಶುಲ್ಕ ಅಂತ ದಿನಾ ಕಟ್ಟುತ್ತೇವೆ.

ಉತ್ತರ:
ಸಂಸ್ಕೃತ. ಬೇಡ.

ಉತ್ತರ:
ಎರಡನೇ ಪ್ರಶ್ನೆಯನ್ನು ಎಲ್ಲರೂ ಮರೆತಿರಾ? 1775ಕ್ಕೆ ಕ್ರಾಂತಿ ಹಾಕಬೇಡಿ. ಏಪ್ರಿಲ್ 19ರಂದು ಗುಂಡು ಹಾರಿತು ನಿಜ. ಆದರೂ ಜುಲೈಯಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆ, ಅಂದರೆ ಅವರ ಕಾಂಗ್ರೆಸ್, ಬ್ರಿಟನ್ನಿನ ರಾಜನಿಗೆ ಸಂಧಾನದ ಮನವಿ ಬರೆದಿತ್ತು. ಆಗಿನ್ನೂ ಹೊಸ ದೇಶ ಕಟ್ಟುತ್ತೇವೆ ಅಂತ ಅವರು ಸಾರಿರಲಿಲ್ಲ. ಆಗಸ್ಟ್ 23ರಂದು ಆ ರಾಜ ಮೂರನೇ ಜಾರ್ಜ್ ವಸಾಹತುಗಳು ದಂಗೆ ಎದ್ದಿವೆ ಅಂತ ಸಾರಿದ. ಅಂದರೆ ‘ದಂಗೆ’ ಅರಮನೆಯ ಕಡೆಯ ಮಾತು. ಗಲಭೆಯ ವಾಸನೆಯೂ ಅದಕ್ಕೆ ಜಾಸ್ತಿ. ಲೆಕ್ಸಿಂಗ್ಟನ್ನಿನ ಕಥೆ ಏನು? ಬ್ರಿಟಿಷ್ ಸೇನಾಪತಿ ಗೇಜ್ ಕಳಿಸಿದ ಸುಮಾರು 700 ಸಿಪಾಯಿಗಳು ಪಕ್ಕದ ಕಾನ್‌ಕರ್ಡ್ ಊರಿನಲ್ಲಿ ವಸಾಹತಿನವರು ಕೂಡಿಟ್ಟಿದ್ದ ಮದ್ದುಗುಂಡು ಹಿಡಿಯಲು ಹೊರಟಿದ್ದರು. ದಾರಿಯಲ್ಲಿ ಊರಿನವರು ಕೋವಿ ಹಿಡಿದು ನಿಂತರು. 1857ರಲ್ಲಿ ಹಲಗಲಿಯ ಬೇಡರೂ ಆಯುಧ ಒಪ್ಪಿಸು ಅಂದಾಗಲೇ ಎದ್ದದ್ದು. ತೆರಿಗೆ ವಿಷಯಕ್ಕೆ 1980ರಲ್ಲಿ ನರಗುಂದದ ರೈತರು ಎದ್ದಾಗಲೂ ನಾವು ‘ಬಂಡಾಯ’ ಅಂದೆವು. ‘ಸಶಸ್ತ್ರ ಬಂಡಾಯ’ ಹಾಕಿ.

ಉತ್ತರ:
ಬಂಡಾಯದ ‘ಬಂಡ’ ಮರಾಠಿಯದ್ದು ಅಂತ ಹೇಳುವವರಿದ್ದಾರೆ, ಗೊತ್ತಲ್ವಾ?

ಉತ್ತರ:
ಗೊತ್ತು. ಆದರೂ ಹಾಕಿ.

ಪ್ರಶ್ನೆ ಕೇಳಿದವರಿಂದ:
‘ಛಾಪಾ ಕಾಗದದ ಕಾಯ್ದೆ’, ‘ಸಶಸ್ತ್ರ ಬಂಡಾಯ’ ಹಾಕಿ ಪ್ರಿಂಟಿಗೆ ಕಳಿಸಿದೆ. ಕಟ್ಟಳೆಯ ಜಗಳವನ್ನು ದಯವಿಟ್ಟು ಬೇರೆ ತಲೆಬರಹದಲ್ಲಿ ನಡೆಸಿ.