ಎದೆಯ ಎಕ್ಸ್‌ರೇ ಓದುವ ಎ.ಐ. ತಂತ್ರಾಂಶಕ್ಕೆ ಮೂರು ವರ್ಷದ ಕರಾರು ಮಾಡಿಕೊಳ್ಳಬಹುದೇ? ಬಳಸಿದವರು ತಿಳಿಸಿ

ಗದಗ, ರೇಡಿಯಾಲಜಿಸ್ಟ್:

ಮಾನ್ಯರೇ, ಗದಗದಲ್ಲಿ ನನ್ನದೊಂದು ಸಣ್ಣ ಸ್ಕ್ಯಾನಿಂಗ್ ಸೆಂಟರ್ ಇದೆ, ವೈದ್ಯನೆಂದರೆ ನಾನೊಬ್ಬನೇ. ದಿನಕ್ಕೆ ಸುಮಾರು 30 ಎದೆಯ ಎಕ್ಸ್‌ರೇಗಳಾಗುತ್ತವೆ. ವಾರಕ್ಕೆರಡು ದಿನ ಸೋನೋಗ್ರಫಿಗೆಂದು ಮುಂಡರಗಿಗೆ ಹೋಗುವುದರಿಂದ ಆ ದಿನಗಳ ಫಿಲ್ಮುಗಳು ರಾತ್ರಿಯವರೆಗೂ ವರದಿಯಿಲ್ಲದೆ ಬಿದ್ದಿರುತ್ತವೆ. ಈಗ ರೀಡರಿಗೆ ಹಾಕಿ ಓದಿಸಬೇಕಾದ ಸಿ.ಆರ್. ಕ್ಯಾಸೆಟ್ ಬಿಟ್ಟು, ಚಿತ್ರವನ್ನು ನೇರವಾಗಿ ಕಂಪ್ಯೂಟರಿಗೆ ಕೊಡುವ ಡಿ.ಆರ್. ಪ್ಯಾನೆಲ್ ಕೊಳ್ಳಬೇಕೆಂದಿದ್ದೇನೆ. 9 ಲಕ್ಷ ರೂಪಾಯಿ ಹೇಳಿರುವ ಏಜೆನ್ಸಿಯವರು, ಎ.ಐ. ತಂತ್ರಾಂಶವನ್ನೂ ಮೂರು ವರ್ಷದ ಕರಾರಿನಲ್ಲಿ ಜೊತೆಗೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಕರಾರು ಮಾಡಿಕೊಳ್ಳುವುದು ಲೇಸೋ, ಫಿಲ್ಮಿಗಿಷ್ಟು ಎಂದು ಕೊಡುವುದು ಲೇಸೋ? ಹಳೆಯ ಕ್ಷಯದ ಕಲೆಗಳು ಹೇರಳವಾಗಿರುವ ನಮ್ಮ ಭಾಗದ ಶ್ವಾಸಕೋಶಗಳಲ್ಲಿ ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಹುಬ್ಬಳ್ಳಿ, ವಿದ್ಯಾನಗರ:

ಸಹಿ ಹಾಕುವ ಮುನ್ನ ನನಗಾದದ್ದನ್ನು ಓದಿ. ಎರಡು ವರ್ಷಗಳ ಹಿಂದೆ ನಾನೂ ಇದೇ ಜೋಡಿಯನ್ನು ತೆಗೆದುಕೊಂಡೆ. ಪ್ಯಾನೆಲ್ಲಿಗೆ 8,75,000 ರೂಪಾಯಿ. ತಂತ್ರಾಂಶಕ್ಕೆ ತಿಂಗಳಿಗೆ 500 ಫಿಲ್ಮಿನಂತೆ 15,000, ಶೇ. 18ರ ಜಿ.ಎಸ್.ಟಿ. ಸೇರಿದರೆ 17,700. ಬಳಸದೆ ಉಳಿದ ಫಿಲ್ಮುಗಳ ಲೆಕ್ಕ ಮುಂದಿನ ತಿಂಗಳಿಗೆ ಬರುವುದಿಲ್ಲ. ರೋಗಿ ಉಸಿರು ಹಿಡಿಯದಿದ್ದಕ್ಕೆ ಮತ್ತೊಮ್ಮೆ ತೆಗೆದ ಫಿಲ್ಮಿಗೆ ಬೇರೆ ದುಡ್ಡು. ಪಕ್ಕದಿಂದ ತೆಗೆದ ಲ್ಯಾಟರಲ್ ಫಿಲ್ಮನ್ನು ನಾನು ಕೊಂಡ ತಂತ್ರಾಂಶ ಓದುವುದೇ ಇಲ್ಲ. ಆದರೂ ಅದು ಸರ್ವರಿಗೆ ಹೋಯಿತೆಂಬ ಕಾರಣಕ್ಕೆ ಅದಕ್ಕೂ ಬಿಲ್ಲಾಯಿತು. ಮಳೆಗಾಲದಲ್ಲಿ ಇಂಟರ್‌ನೆಟ್ ಕೈಕೊಡುತ್ತದೆಂದು ಎರಡನೆಯ ಸಂಪರ್ಕ ಹಾಕಿಸಿದೆ, ತಿಂಗಳಿಗೆ 1,200. ಹದಿನಾಲ್ಕನೆಯ ತಿಂಗಳಿನಲ್ಲಿ ವಾರ್ಡ್‌ಬಾಯ್ ಕೈಯಿಂದ ಪ್ಯಾನೆಲ್ ಜಾರಿ ಬಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ, ಆದರೆ ಅಂದಿನಿಂದ ಪ್ರತಿ ಫಿಲ್ಮಿನಲ್ಲೂ ಎಡ ಮೂಲೆಯಿಂದ ಕೂದಲೆಳೆಯಂಥ ಬಿಳಿ ಗೆರೆ. ಎ.ಎಂ.ಸಿ.ಯಲ್ಲಿ (ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ) ಬಿದ್ದ ಪ್ಯಾನೆಲ್ಲಿಗೆ ಜಾಗವಿಲ್ಲವೆಂದು ಹೇಳಿ 3,40,000 ರೂಪಾಯಿ ಕೇಳಿದರು. ಕೊಟ್ಟೆ.

ಇದೆಲ್ಲ ಹಣದ ಮಾತಾಯಿತು, ನುಂಗಿಕೊಂಡೆ. ನುಂಗಲಾಗದ್ದು ಬೇರೆಯದಿದೆ. ಐವತ್ತು ದಾಟಿದ ಹಮಾಲರೊಬ್ಬರ ಫಿಲ್ಮಿಗೆ ತಂತ್ರಾಂಶ ‘ಅಸಹಜತೆ ಕಂಡುಬಂದಿಲ್ಲ’ ಎಂದು ಹಸಿರು ಪಟ್ಟಿ ತೋರಿಸಿತು. ಅಂದು ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಹಸಿರು ಪಟ್ಟಿಯ ಫಿಲ್ಮುಗಳನ್ನು ಒಂದರ ಹಿಂದೊಂದು ಮುಗಿಸುತ್ತಿದ್ದೆ, ಇದಕ್ಕೂ ಸಹಿ ಹಾಕಿದೆ. ನಾಲ್ಕು ತಿಂಗಳ ನಂತರ ಅವರು ಸಿ.ಟಿ. ಫಿಲ್ಮು ಹಿಡಿದು ಬಂದಾಗ ಹಳೆಯದನ್ನು ತೆಗೆದು ನೋಡಿದರೆ, ಹೃದಯದ ನೆರಳಿನ ಹಿಂದೆ ಗಡ್ಡೆ ಆಗಲೇ ಇತ್ತು. ಕರಾರಿನಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಹುಡುಕಿದೆ: ‘ವೈದ್ಯರ ನೆರವಿಗೆ ಮಾತ್ರ.’ ವರದಿಯ ಕೆಳಗೆ ಇರುವ ಸಹಿ ನನ್ನದು.

ಹಾವೇರಿ, ನಿವೃತ್ತ ವೈದ್ಯಾಧಿಕಾರಿ:

ವಿದ್ಯಾನಗರದವರು ಹಸಿರು ಪಟ್ಟಿಯನ್ನು ನೋಡಿ ಸಹಿ ಹಾಕಿ, ತಪ್ಪನ್ನು ತಂತ್ರಾಂಶದ ಮೇಲೆ ಹೊರಿಸುತ್ತಿದ್ದಾರೆ. ನಾನು ಸೇವೆಯ ಬಹುಭಾಗವನ್ನು ಕ್ಷಯ ನಿಯಂತ್ರಣದಲ್ಲೇ ಕಳೆದವನು. 15 ವರ್ಷ ಮೇಲ್ಪಟ್ಟವರ ಕ್ಷಯ ತಪಾಸಣೆಯಲ್ಲಿ ಎಕ್ಸ್‌ರೇ ಓದುವ ವೈದ್ಯರ ಬದಲಿಗೆ ಇಂಥ ತಂತ್ರಾಂಶವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. 2024ರ ಡಿಸೆಂಬರ್ 7ರಂದು 347 ಜಿಲ್ಲೆಗಳಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿಯೂ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಎ.ಐ. ಜೊತೆಗೆ ಊರೂರಿಗೆ ಹೋದವು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೆಲಸದ ಹೆಣ್ಣುಮಕ್ಕಳಿಗೆ ನಡೆದ ಒಂದು ಶಿಬಿರದಲ್ಲಿ ನಾನೂ ಕುಳಿತಿದ್ದೆ. ಅಲ್ಲಿ ಕೆಮ್ಮು ಇಲ್ಲದವರೇ ಇಲ್ಲ. ಘಾಟಿಗೆ ನಾನೂ ಕೆಮ್ಮುತ್ತಿದ್ದೆ. ಕೆಮ್ಮನ್ನು ಕೇಳಿ ಕಫ ಪರೀಕ್ಷೆಗೆ ಕಳಿಸುವುದಾದರೆ ಎಲ್ಲರನ್ನೂ ಕಳಿಸಬೇಕು. ತಂತ್ರಾಂಶ ಆರಿಸಿಕೊಟ್ಟವರಲ್ಲಿ ಒಬ್ಬ ತಾಯಿ ‘ನನಗೇನೂ ಆಗಿಲ್ಲ’ ಎಂದು ಎದ್ದು ಹೋಗಿದ್ದರು, ಮನೆಗೆ ಹೋಗಿ ಕರೆತರಬೇಕಾಯಿತು. ಕಫದಲ್ಲಿ ಕ್ಷಯದ ರೋಗಾಣುವನ್ನು ಪತ್ತೆಹಚ್ಚುವ ಟ್ರೂನ್ಯಾಟ್‌ನಲ್ಲಿ ಕ್ಷಯ ಖಚಿತವಾಯಿತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಎಕ್ಸ್‌ರೇ ಇಲ್ಲದೆ ಬರೀ ಲಕ್ಷಣ ಕೇಳಿದ್ದರೆ ಶೇ. 40ಕ್ಕೂ ಹೆಚ್ಚು ರೋಗಿಗಳು ಕೈತಪ್ಪುತ್ತಿದ್ದರು ಎಂಬುದು ಗೊತ್ತಾಗಿದೆ. ಇದನ್ನು ಬಿಟ್ಟು ಲ್ಯಾಟರಲ್ ಫಿಲ್ಮಿನ ಬಿಲ್ಲನ್ನು ಹಿಡಿದು ಅಳುವುದು ಸರಿಯಲ್ಲ.

ಧಾರವಾಡ, ಸಪ್ತಾಪುರ:

ಸರ್, ತಾವು ಹೇಳುತ್ತಿರುವುದು ಜರಡಿಯ ಕೆಲಸ. ಶಿಬಿರದಲ್ಲಿ ತಂತ್ರಾಂಶ ಆರಿಸಿದವರಿಗೆ ಅದರ ನಂತರ ಕಫ ಪರೀಕ್ಷೆಯಿದೆ. ಗದಗದ ವೈದ್ಯರ ಬಳಿ ಬರುವವರಿಗೆ ವರದಿಯೇ ಕೊನೆಯ ಮಾತು. ಅಲ್ಲಿ ಕ್ಷಯವಷ್ಟೇ ಅಲ್ಲ, ಗಡ್ಡೆ, ನೀರು, ಹೃದಯದ ಗಾತ್ರ, ಮುರಿದ ಪಕ್ಕೆಲುಬು ಎಲ್ಲವೂ ಬರುತ್ತವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದನ್ನು ನಾನು ಒಪ್ಪಲಾರೆ.

ನನ್ನಲ್ಲಿಗೂ ಏಜೆಂಟರು ನಾಲ್ಕು ಸಲ ಬಂದರು. ಪ್ರತಿ ಸಲವೂ ಅದೇ ಹೊಳೆಯುವ ಕಾಗದ, ‘ಸ್ವೀಡನ್ನಿನಲ್ಲಿ ಓದುವ ಕೆಲಸ ಶೇ. 44 ಕಡಿಮೆಯಾಗಿದೆ.’ ಆ ಮಸಾಯ್ ಅಧ್ಯಯನವನ್ನು 2023ರಲ್ಲಿ ಪ್ರಕಟವಾದಾಗಲೇ ನಾನು ಓದಿದ್ದೆ. ಅದು 80,000ಕ್ಕೂ ಹೆಚ್ಚು ಮಹಿಳೆಯರ ಸ್ತನದ ಮ್ಯಾಮೊಗ್ರಾಂ ಕುರಿತದ್ದು, ಎದೆಯ ಎಕ್ಸ್‌ರೇಯದ್ದಲ್ಲ. ಅಲ್ಲಿ ಪ್ರತಿ ಮ್ಯಾಮೊಗ್ರಾಂ ಅನ್ನು ಇಬ್ಬರು ವೈದ್ಯರು ಓದುವ ಪದ್ಧತಿಯಿದೆ. ಅಪಾಯ ಕಡಿಮೆಯೆಂದು ಎ.ಐ. ಹೇಳಿದವುಗಳನ್ನು ಒಬ್ಬರೇ ಓದಿದ್ದರಿಂದ ಆ ಶೇ. 44 ಉಳಿಯಿತು. ನಮ್ಮಲ್ಲಿ ಮೊದಲಿನಿಂದಲೂ ಓದುವವರು ಒಬ್ಬರೇ. ಒಬ್ಬರಲ್ಲಿ ಒಬ್ಬರನ್ನು ಕಳೆದರೆ ಉಳಿಯುವುದೆಷ್ಟು ಎಂದು ಏಜೆಂಟರನ್ನು ಕೇಳಿದೆ. ಅವರು ಐದನೆಯ ಸಲ ಬರಲಿಲ್ಲ.

ವಿದ್ಯಾನಗರದವರಿಗೆ ಆದದ್ದು ಅವರೊಬ್ಬರಿಗೇ ಆದದ್ದಲ್ಲ. 2023ರಲ್ಲಿಯೇ ಜರ್ಮನಿಯವರು 27 ರೇಡಿಯಾಲಜಿಸ್ಟರಿಗೆ 50 ಮ್ಯಾಮೊಗ್ರಾಂ ಕೊಟ್ಟು, ಕೆಲವದಕ್ಕೆ ಬೇಕೆಂದೇ ಎ.ಐ. ಹೆಸರಿನಲ್ಲಿ ತಪ್ಪು ಸಲಹೆ ಇಟ್ಟರು. ಸಲಹೆ ಸರಿಯಿದ್ದಾಗ ನೂರಕ್ಕೆ 80ರಷ್ಟು ಸರಿಯಾಗಿ ಓದಿದ ಹೊಸಬರು, ಸಲಹೆ ತಪ್ಪಾದಾಗ 20ಕ್ಕೆ ಇಳಿದರು. ವರ್ಷಗಟ್ಟಲೆ ಅನುಭವವಿದ್ದವರೂ 82ರಿಂದ 45ಕ್ಕೆ ಇಳಿದರು. ರಾತ್ರಿ ಹನ್ನೊಂದರ ದಣಿವು ಅವರಿಗೆ ಇರಲಿಲ್ಲ ಎಂಬುದೂ ನೆನಪಿರಲಿ. ನಾನು ತಂತ್ರಾಂಶ ಕೊಳ್ಳಲಿಲ್ಲ. ಮೊದಲು ನಾನೇ ಓದಿ, ಬರೆದು, ಸಂಶಯವಿದ್ದುದನ್ನು ಪಕ್ಕಕ್ಕಿಟ್ಟು ಬೆಳಿಗ್ಗೆ ಇನ್ನೊಮ್ಮೆ ನೋಡುತ್ತೇನೆ. ಅದಕ್ಕೆ ಜಿ.ಎಸ್.ಟಿ. ಇಲ್ಲ.

ರಾಣೇಬೆನ್ನೂರು, ಎಕ್ಸ್‌ರೇ ಟೆಕ್ನಿಷಿಯನ್:

ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಓದುವುದನ್ನೇ ಚರ್ಚಿಸುತ್ತಿದ್ದೀರಿ. ಓದಲಿಕ್ಕೆ ಫಿಲ್ಮು ಕೊಡುವವರು ನಾವು. ನಮ್ಮನ್ನು ಒಬ್ಬರೂ ಕೇಳಲಿಲ್ಲ. ನಾನು ಹದಿನಾರು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ.

ನಮ್ಮಲ್ಲಿ ತಂತ್ರಾಂಶ ಬಂದ ಮೂರನೆಯ ವಾರ, ಹಿರೇಕೆರೂರಿನ ಕಡೆಯಿಂದ ಬಂದ ಅಜ್ಜಿಯೊಬ್ಬರ ಬಲ ಶ್ವಾಸಕೋಶದ ತುದಿಯಲ್ಲಿ ಅದು ಕೆಂಪು ಬಣ್ಣ ಹಚ್ಚಿ ಒಂದಕ್ಕೆ 0.87 ಎಂಬ ಅಂಕ ಕೊಟ್ಟಿತು. ಡಾಕ್ಟರು ಅಂದು ಊರಿನಲ್ಲಿರಲಿಲ್ಲ. ಕಳಿಸಿದ ವೈದ್ಯರು ಅಂಕವನ್ನು ನೋಡಿ ಕ್ಷಯವೆಂದೇ ಮನೆಯವರಿಗೆ ಹೇಳಿದರು. ಸೊಸೆ ಅಜ್ಜಿಯ ತಾಟು, ಲೋಟ ಬೇರೆ ಇಟ್ಟಳಂತೆ. ನಾಲ್ಕನೆಯ ದಿನ ನಾನು ರಜೆಯಿಂದ ಬಂದು ಫಿಲ್ಮನ್ನು ನೋಡಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಬಲ ಹೆಗಲ ಮೇಲಿಂದ ಮುಂದಕ್ಕೆ ಇಳಿದಿತ್ತು. ಹೆಣಿಗೆಯ ಸಾಲು ಸಾಲು ಗೆರೆಗಳು ಚರ್ಮದ ಗೆರೆಯನ್ನೂ ದಾಟಿ ಕುತ್ತಿಗೆಯವರೆಗೆ ಕಾಣುತ್ತಿದ್ದವು. ಅಜ್ಜಿಯನ್ನು ಮತ್ತೆ ಕರೆಸಿ, ಜಡೆಯನ್ನು ನೆತ್ತಿಗೆ ಕಟ್ಟಿ, ಗದ್ದ ಮೇಲೆತ್ತಿಸಿ, ಆರು ಅಡಿ ದೂರದಿಂದ ಪಿ.ಎ. (ಬೆನ್ನಿನ ಕಡೆಯಿಂದ ಕಿರಣ ಬಿಡುವ) ಫಿಲ್ಮು ತೆಗೆದೆ. ಸ್ವಚ್ಛವಾಗಿತ್ತು. ನನ್ನ ಜಾಗದಲ್ಲಿ ಅಂದು ಇದ್ದವನು ಎರಡು ತಿಂಗಳ ಹಿಂದೆ ಸೇರಿದ ಹುಡುಗ. ಅವನಿಗೆ 9,000 ಪಗಾರ. ತಂತ್ರಾಂಶಕ್ಕೆ ತಿಂಗಳಿಗೆ 17,700 ಎಂದು ಮೇಲೆ ಓದಿದೆ.

ಇನ್ನೊಂದು. ಕ್ಯಾಸೆಟ್ಟಿನ ಹಿಂದಿನ ಕಾಲದ ಫಿಲ್ಮಿನಲ್ಲಿ ಎಂ.ಎ.ಎಸ್. (ಕಿರಣದ ಪ್ರಮಾಣ) ಹೆಚ್ಚಾದರೆ ಕರ‍್ರಗಾಗುತ್ತಿತ್ತು, ಬೈಸಿಕೊಳ್ಳುತ್ತಿದ್ದೆವು. ಡಿ.ಆರ್.ನಲ್ಲಿ ಹೆಚ್ಚು ಕೊಟ್ಟಷ್ಟೂ ಚಿತ್ರ ಚಂದವೇ ಬರುತ್ತದೆ, ಯಾರೂ ಬೈಯುವುದಿಲ್ಲ. ಮೂಲೆಯಲ್ಲಿರುವ ಎಕ್ಸ್‌ಪೋಶರ್ ಇಂಡೆಕ್ಸನ್ನು, ಅಂದರೆ ಎಷ್ಟು ಕಿರಣ ಬಿತ್ತೆಂಬ ಅಂಕವನ್ನು, ಯಾವ ಡಾಕ್ಟರು ನೋಡುತ್ತೀರಿ, ಹೇಳಿ. ರೋಗಿಗೆ ಸೀಸದ ಏಪ್ರನ್ ಹಾಕುವುದನ್ನೂ ನೀವೇ ನಿಲ್ಲಿಸಿದಿರಿ.

ಹುಬ್ಬಳ್ಳಿ, ಕೊಪ್ಪಿಕರ ರಸ್ತೆ:

ಈ ಕಾಲಕ್ಕೂ ಎದೆಯ ಎಕ್ಸ್‌ರೇ ಕುರಿತು ಇಷ್ಟು ಗುದ್ದಾಟವೇ? ಸಿ.ಟಿ. ಹಾಕಿಸಿಕೊಳ್ಳಿ. ಹಮಾಲರ ಗಡ್ಡೆ ಕಡಿಮೆ ಕಿರಣದ ಲೋ ಡೋಸ್ ಸಿ.ಟಿ.ಯಲ್ಲಿ ತಪ್ಪುತ್ತಿರಲಿಲ್ಲ. ಅಮೆರಿಕದಲ್ಲಿ 53,454 ಹಾಲಿ, ಮಾಜಿ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಕ್ಸ್‌ರೇ ಮಾಡಿಸಿಕೊಂಡವರಿಗಿಂತ ಲೋ ಡೋಸ್ ಸಿ.ಟಿ. ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ. 20 ಕಡಿಮೆಯಿತ್ತು.

ನಾನು ಸೆಕೆಂಡ್ ಹ್ಯಾಂಡ್ 16 ಸ್ಲೈಸ್ ಸಿ.ಟಿ. ಯಂತ್ರವನ್ನು 46 ಲಕ್ಷಕ್ಕೆ ತಂದೆ. ಕೋಣೆಗೆ ಸೀಸ, ಬಾಗಿಲು, ಗಾಜು ಎಂದು 4,10,000. ಯು.ಪಿ.ಎಸ್. ಮತ್ತು ಬ್ಯಾಟರಿ 5,60,000. ಎರಡು ಏ.ಸಿ. ಸಾಲದೆಂದು ಮೂರನೆಯದು. ಏಳನೆಯ ತಿಂಗಳಿನಲ್ಲಿ ಕಿರಣ ಹೊರಡಿಸುವ ಟ್ಯೂಬ್ ಹೋಯಿತು. ಮೀಟರಿನಲ್ಲಿ ತೋರಿಸಿದ ಸ್ಕ್ಯಾನ್ ಸಂಖ್ಯೆ ಹಿಂದಿನ ಟ್ಯೂಬಿನದ್ದೋ ಇದರದ್ದೋ ಎಂಬುದನ್ನು ಮಾರಿದವರು ಇವತ್ತಿಗೂ ಹೇಳಿಲ್ಲ. ಹೊಸದಕ್ಕೆ 14 ಲಕ್ಷ, ಬರುವವರೆಗೆ 23 ದಿನ ಯಂತ್ರಕ್ಕೆ ಬಟ್ಟೆ ಹೊದಿಸಿ ಕುಳಿತಿದ್ದೆ. ಆದರೂ ನನಗೆ ಪಶ್ಚಾತ್ತಾಪವಿಲ್ಲ.

ಹಾವೇರಿ, ನಿವೃತ್ತ ವೈದ್ಯಾಧಿಕಾರಿ:

ಬ್ಯಾಂಕಿನ ಕಂತು ತೀರಿಸಲು ಎಷ್ಟು ಮಂದಿಗೆ ಸಿ.ಟಿ. ಬರೆಯಿಸಬೇಕಾಗುತ್ತದೆ ಎಂಬುದನ್ನೂ ಕೊಪ್ಪಿಕರ ರಸ್ತೆಯವರು ಬರೆಯಬೇಕಿತ್ತು. ನಮ್ಮಲ್ಲಿ ನಲವತ್ತು ದಾಟಿದವರ ಸಿ.ಟಿ. ತೆಗೆದರೆ ಹಳೆಯ ಕ್ಷಯದ ಗಂಟುಗಳು ಎಷ್ಟೋ ಮಂದಿಯಲ್ಲಿ ಸಿಗುತ್ತವೆ. ಪ್ರತಿ ಗಂಟನ್ನೂ ಆರು ತಿಂಗಳಿಗೊಮ್ಮೆ ಮತ್ತೆ ನೋಡೋಣವೆಂದರೆ ಯಾರ ಖರ್ಚಿನಲ್ಲಿ?

ಹುಬ್ಬಳ್ಳಿ, ಕೊಪ್ಪಿಕರ ರಸ್ತೆ:

ಸರ್ಕಾರಿ ಯಂತ್ರ, ಸರ್ಕಾರಿ ಡೀಸೆಲ್, ಸರ್ಕಾರಿ ಪಗಾರ. ಕಂತಿನ ಮಾತನ್ನು ತಾವು ಆಡಬಾರದು. ಒಂದು ರೆಫರಲ್ಲಿಗೂ ನಾನು ಯಾರ ಕೈಯನ್ನೂ ಬೆಚ್ಚಗೆ ಮಾಡಿದವನಲ್ಲ. ಇನ್ನು ಏಪ್ರನ್ ವಿಷಯ: ರೋಗಿಗೆ ಸೀಸ ಹೊದಿಸದಿರುವುದು ಗುನ್ನೆಯೇ ಸರಿ, ಟೆಕ್ನಿಷಿಯನ್ ಹೇಳಿದ್ದು ನಿಜ.

ಧಾರವಾಡ, ಸಪ್ತಾಪುರ:

ಗುನ್ನೆಯಲ್ಲ. ಜನನಾಂಗದ ಮೇಲೆ ಸೀಸ ಇಡುವ ರೂಢಿಯನ್ನು ನಿಲ್ಲಿಸಿ ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವೇ 2019ರಲ್ಲಿ ಹೇಳಿದೆ. ಒಳಗೇ ಚದುರುವ ಕಿರಣವನ್ನು ಹೊರಗಿನ ಸೀಸ ತಡೆಯುವುದಿಲ್ಲ. ಸೀಸವೇನಾದರೂ ಸರಿದು ಕಿರಣದ ದಾರಿಗೆ ಬಂದರೆ ನೋಡಬೇಕಾದುದನ್ನೇ ಮುಚ್ಚುತ್ತದೆ; ಕಿರಣದ ಪ್ರಮಾಣವನ್ನು ಯಂತ್ರವೇ ನಿರ್ಧರಿಸುವ ಆಟೊಮ್ಯಾಟಿಕ್ ಎಕ್ಸ್‌ಪೋಶರ್ ಇದ್ದಲ್ಲಿ ಯಂತ್ರ ಇನ್ನಷ್ಟು ಕಿರಣ ಸುರಿಯುತ್ತದೆ. ಟೆಕ್ನಿಷಿಯನ್ ತಾವು ಹಾಕಿಕೊಳ್ಳುವ ಏಪ್ರನ್ ಬೇರೆ ಮಾತು, ಅದನ್ನು ಬಿಡಬಾರದು.

ರಾಣೇಬೆನ್ನೂರು, ಎಕ್ಸ್‌ರೇ ಟೆಕ್ನಿಷಿಯನ್:

ಮೇಡಂ, ಅಮೆರಿಕದ ಸಂಘದವರು ನಮ್ಮ ಕಿಟಕಿಯ ಮುಂದೆ ಬಂದು ನಿಲ್ಲುವುದಿಲ್ಲ. ಮದುವೆಯಾದ ಹುಡುಗಿಯನ್ನು ಕರೆತಂದ ತಾಯಿ ‘ಯಾಕ್ ಏನೂ ಹೊಚ್ಚಲಿಲ್ಲ?’ ಎಂದು ಕೇಳುವುದು ನನ್ನನ್ನು. ಅವರಿಗೆ ಉತ್ತರ ಕೊಡಲು ಡಾಕ್ಟರುಗಳು ಒಮ್ಮೆಯಾದರೂ ಹೊರಗೆ ಬನ್ನಿ. ನನ್ನ ಮೈಮೇಲೆ ಬಿದ್ದ ಕಿರಣವನ್ನು ಅಳೆಯುವ ಟಿ.ಎಲ್.ಡಿ. ಬ್ಯಾಡ್ಜಿನ ವರದಿ ಮೂರು ತಿಂಗಳಿಗೊಮ್ಮೆ ಬರುತ್ತದೆ, ಅದನ್ನೂ ಯಾರೂ ತೋರಿಸುವುದಿಲ್ಲ.

ಗದಗ, ರೇಡಿಯಾಲಜಿಸ್ಟ್:

ಎಲ್ಲರಿಗೂ ನಮಸ್ಕಾರ. ಸಿ.ಟಿ. ಕೊಳ್ಳುವ ಶಕ್ತಿ ನನಗಿಲ್ಲ, ನಾನು ಅದನ್ನು ಕೇಳಿಯೂ ಇರಲಿಲ್ಲ. ಮುಂಡರಗಿಯ ಎರಡು ದಿನಗಳಿಗಷ್ಟೇ, ಯಾವ ಫಿಲ್ಮನ್ನು ಮೊದಲು ಮೊಬೈಲಿನಲ್ಲಿ ತೆರೆದು ನೋಡಬೇಕೆಂದು ಸಾಲು ಹಚ್ಚಿಕೊಡಲು ತಂತ್ರಾಂಶವನ್ನು ಬಳಸಿ, ವರದಿಯನ್ನು ಎಂದಿನಂತೆ ನಾನೇ ಬರೆಯುವುದಾದರೆ ತಿಂಗಳಿಗೆ 300 ಫಿಲ್ಮು ದಾಟುವುದಿಲ್ಲ. ಅಷ್ಟಕ್ಕೆ ಫಿಲ್ಮಿನ ಲೆಕ್ಕದಲ್ಲಿ ಕೊಡುತ್ತಾರೆಯೇ?

ಹುಬ್ಬಳ್ಳಿ, ವಿದ್ಯಾನಗರ:

ಕೇಳಿದರೆ ಕೊಡುತ್ತಾರೆ, ತಾವಾಗಿ ಹೇಳುವುದಿಲ್ಲ. ನನಗೆ ಕೊನೆಗೆ ಫಿಲ್ಮಿಗೆ 45 ರೂಪಾಯಿ ಎಂದರು, ಆಗ ಕರಾರಿನ ಹತ್ತು ತಿಂಗಳು ಬಾಕಿಯಿತ್ತು. ತಿಂಗಳಿಗೆ 300 ಎಂದರೆ 13,500, ಮೇಲೆ ಜಿ.ಎಸ್.ಟಿ.; ಫಿಲ್ಮು ಬರದ ತಿಂಗಳು ಕೊಡಬೇಕಿಲ್ಲ. ಲ್ಯಾಟರಲ್ ಫಿಲ್ಮು ಸರ್ವರಿಗೆ ಹೋಗದಂತೆ ಅವರ ಎಂಜಿನಿಯರನಿಂದಲೇ ತಡೆ ಹಾಕಿಸಿಕೊಳ್ಳಿ. ನಿಮ್ಮಲ್ಲಿರುವ ಹಳೆಯ, ಕಫ ಪರೀಕ್ಷೆಯ ಫಲಿತಾಂಶ ಗೊತ್ತಿರುವ ಇನ್ನೂರು ಫಿಲ್ಮುಗಳನ್ನು ಮೊದಲು ಪುಕ್ಕಟೆ ಓದಿಸಿ, ಎಷ್ಟು ಹಳೆಯ ಕಲೆಗಳಿಗೆ ಕೆಂಪು ಹಚ್ಚುತ್ತದೆ ನೋಡಿ, ಆಮೇಲೆ ಎಷ್ಟು ಅಂಕ ದಾಟಿದರೆ ಕೆಂಪು ಹಚ್ಚಬೇಕೆಂಬ ಮಿತಿಯನ್ನು ನೀವೇ ಹೇಳಿ. ನನ್ನಲ್ಲಿ ಅವರು ಇಟ್ಟುಹೋದ ಮಿತಿಯನ್ನು ನಾನು ಒಂದು ವರ್ಷ ಮುಟ್ಟಿರಲಿಲ್ಲ. ಪ್ಯಾನೆಲ್ಲಿನ ಎ.ಎಂ.ಸಿ.ಯಲ್ಲಿ ‘ಬಿದ್ದರೂ’ ಎಂಬ ಪದವನ್ನು ಬರೆಯಿಸಿಕೊಳ್ಳಿ. ನಮ್ಮದು ಬಿದ್ದದ್ದು ಸ್ಟೂಲಿನಷ್ಟು ಎತ್ತರದಿಂದ.