ಹಳೇ ಸ್ಪೀಕರ್ ಕಂಡೆನ್ಸರ್ ಎಲ್ಲಾ ಕಿತ್ತು ಹೊಸದು ಹಾಕ್ಬೇಕಾ?

ಧೂಳುಡಬ್ಬಿ:
ಎಲ್ರಿಗೂ ನಮಸ್ಕಾರ. ಅಪ್ಪ 1976ರಲ್ಲಿ ತಗೊಂಡಿದ್ದ ತ್ರೀ ವೇ ಸ್ಪೀಕರ್ ಜೋಡಿ ಅಟ್ಟದಿಂದ ಇಳಿಸಿದೀನಿ. ಎಡಗಡೇದು ಚೆನ್ನಾಗೇ ಇದೆ, ಬಲಗಡೇದು ಮಾತ್ರ ಕಂಬಳಿ ಹೊದ್ಕೊಂಡು ಹಾಡ್ದಂಗಿದೆ, ಸಿಂಬಲ್ ಸದ್ದಂತೂ ಕಾಣೆ. ಬಿಚ್ಚಿ ನೋಡ್ದೆ, ಕ್ರಾಸ್‌ಓವರ್‌ನಲ್ಲಿ (ದಪ್ಪ ಸದ್ದು, ಸಣ್ಣ ಸದ್ದು ಅಂತ ಬೇರೆ ಮಾಡಿ ಆಯಾ ಡ್ರೈವರ್‌ಗೆ, ಅಂದ್ರೆ ಒಳಗಿನ ಬಿಡಿ ಸ್ಪೀಕರ್‌ಗೆ ಕಳ್ಸೋ ಬೋರ್ಡು) ಮೂರು ಕಂಡೆನ್ಸರ್ ಇವೆ, 4, 8 ಮತ್ತೆ 24 ಮೈಕ್ರೋಫ್ಯಾರಡ್, ಮೂರರ ಮೇಲೂ ಎನ್‌ಪಿ ಅಂತ ಬರ್ದಿದೆ. ಯಾವ್ದೂ ಊದ್ಕೊಂಡಿಲ್ಲ, ಸೋರಿಲ್ಲ. ಆದ್ರೆ ಬೋರ್ಡ್ ಮೇಲೇ ಮಲ್ಟಿಮೀಟರ್ ಇಟ್ಟು ನೋಡಿದ್ರೆ 4ರದ್ದು 11 ತೋರಿಸ್ತಿದೆ! ಎಲ್ಲಾ ಕಿತ್ತಾಕಿ ಒಳ್ಳೇ ಫಿಲ್ಮ್ ಕಂಡೆನ್ಸರ್ (ಒಳಗೆ ಪ್ಲಾಸ್ಟಿಕ್ ಹಾಳೆ ಇರೋದು) ಹಾಕಿಬಿಡ್ಲಾ? ಸೋಲ್ಡರಿಂಗ್ ತಕ್ಕಮಟ್ಟಿಗೆ ಬರುತ್ತೆ.

ಸುರುಳಿತಂತಿ:
ತಡೀರಿ ಸಾರ್, ಸೋಲ್ಡರಿಂಗ್ ಐರನ್ ಕೆಳಗಿಡಿ ಮೊದ್ಲು. ಆ 11ನ್ನ ಮರ್ತುಬಿಡಿ, ಬೋರ್ಡ್ ಮೇಲಿದ್ದಾಗ ಕಾಯಿಲ್ಲು ಡ್ರೈವರ್ರು ಎಲ್ಲಾ ಜೊತೆಗೆ ಸೇರ್ಕೊಂಡು ಮೀಟರ್ ಏನ್ ಬೇಕಾದ್ರೂ ಹೇಳುತ್ತೆ. ಕಂಡೆನ್ಸರ್‌ದು ಒಂದು ಕಾಲು ಬೋರ್ಡ್‌ನಿಂದ ಬಿಡಿಸಿ ಆಮೇಲೆ ಅಳೀರಿ.

ಅದಕ್ಕೂ ಮುಂಚೆ ಖರ್ಚಿಲ್ಲದ ಒಂದು ಕೆಲಸ ಇದೆ, ಎರಡು ಡಬ್ಬದ ಟ್ವೀಟರ್‌ಗಳನ್ನ, ಅಂದ್ರೆ ಸಣ್ಣ ಸದ್ದು ನುಡಿಸೋ ಪುಟ್ಟ ಡ್ರೈವರ್‌ಗಳನ್ನ, ಅದಲು ಬದಲು ಮಾಡಿ. ಮಂಕುತನ ಟ್ವೀಟರ್ ಜೊತೆ ಎಡಗಡೆಗೆ ಹೋದ್ರೆ ಟ್ವೀಟರ್ರೇ ಕೆಟ್ಟಿದೆ (ಕೆಲವು ಹಳೇ ಟ್ವೀಟರ್‌ಗಳಲ್ಲಿ ಸದ್ದಿಗೆ ಅಲುಗಾಡೋ ವಾಯ್ಸ್ ಕಾಯಿಲ್ ಸುತ್ತ ಫೆರೋಫ್ಲೂಯಿಡ್ ಅನ್ನೋ ಕಾಂತೀಯ ದ್ರವ ಇರುತ್ತೆ, ಅದು ಒಣಗಿ ಗೋಂದಾಗಿ ಕಾಯಿಲನ್ನ ಹಿಡ್ಕೊಂಡುಬಿಡುತ್ತೆ). ಬಲಗಡೇನೇ ಉಳ್ಕೊಂಡ್ರೆ ಕ್ರಾಸ್‌ಓವರ್ ಕಡೆ ನೋಡಿ. ಟ್ವೀಟರ್ ಸರಿ ಇದ್ಯಾ ನೋಡೋಣ ಅಂತ ಕಂಡೆನ್ಸರ್ ಇಲ್ದೆ ನೇರ ಆಂಪ್ಲಿಫೈಯರ್‌ಗೆ ಮಾತ್ರ ಕೊಡ್ಬೇಡಿ, ಬೇಸ್ ಹೊಡ್ತಕ್ಕೆ ಕ್ಷಣದಲ್ಲಿ ಸುಟ್ಟೋಗುತ್ತೆ.

ಎನ್‌ಪಿ ಅಂದ್ರೆ ನಾನ್ ಪೋಲಾರ್ ಎಲೆಕ್ಟ್ರೋಲಿಟಿಕ್, ಪ್ಲಸ್ ಮೈನಸ್ ಭೇದ ಇಲ್ದೇ ಇರೋ ಕಂಡೆನ್ಸರ್. ಒಳಗಿರೋ ದ್ರವ ರಬ್ಬರ್ ಸೀಲ್ ಸಂದಿಯಿಂದ ವರ್ಷಗಟ್ಲೆ ನಿಧಾನಕ್ಕೆ ಆರ್ತಾ ಹೋಗುತ್ತೆ, ಇಎಸ್‌ಆರ್ ಅಂದ್ರೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ಟ್ವೀಟರ್‌ಗೆ ಹೋಗ್ಬೇಕಾದ ಸಿಗ್ನಲ್ ಅಲ್ಲೇ ಸೊರಗುತ್ತೆ. ಹೊರಗೆ ಊದ್ಕೊಂಡೇ ಇರ್ಬೇಕು ಅಂತೇನಿಲ್ಲ. ಇಎಸ್‌ಆರ್ ಮಾಮೂಲಿ ಮಲ್ಟಿಮೀಟರಲ್ಲಿ ಗೊತ್ತಾಗಲ್ಲ, ಅದನ್ನ ಅಳೆಯೋ ಎಲ್‌ಸಿಆರ್ ಮೀಟರ್ ಯಾರತ್ರಾದ್ರೂ ಈಸ್ಕೊಳ್ಳಿ. ಕಾಯಿಲ್‌ಗಳನ್ನ ಮುಟ್ಟಕ್ಕೇ ಹೋಗ್ಬೇಡಿ, ಬರೀ ತಾಮ್ರದ ತಂತಿ, ಅದಕ್ಕೆ ವಯಸ್ಸಾಗಲ್ಲ.

ಕಿವಿಗೊಟ್ಟವ:
ಮೇಲಿನವ್ರು ಹೇಳಿದ್ದು ಸರಿ, ಫಿಲ್ಮ್ ವಿಷ್ಯ ನಾನು ಸೇರಿಸ್ತೀನಿ. "ಒಳ್ಳೇದು ಹಾಕಿದ್ರೆ ಒಳ್ಳೇದೇ ಆಗುತ್ತೆ" ಅಂತ ಎಲ್ರೂ ಅನ್ಕೋತಾರೆ, ನಾನೂ ಹಂಗೇ ಅನ್ಕೊಂಡು ಒಂದು ಜೋಡಿಗೆ ಪೂರ್ತಿ ಪಾಲಿಪ್ರೊಪಿಲೀನ್ ಫಿಲ್ಮ್ ಹಾಕಿ ಎರಡು ದಿನ ಖುಷಿ ಪಟ್ಟೆ, ಮೂರನೇ ದಿನ ಕಿವಿ ನೋವು. ಎಲೆಕ್ಟ್ರೋಲಿಟಿಕ್‌ನ ಇಎಸ್‌ಆರ್ ಹೊಸದಿದ್ದಾಗ್ಲೂ ಸ್ವಲ್ಪ ಇರುತ್ತೆ, ಡಿಸೈನ್ ಮಾಡ್ದವ್ರು ಅದನ್ನೂ ಸೇರ್ಸಿ ಕೇಳೇ ಟ್ಯೂನ್ ಮಾಡಿರ್ತಾರೆ. ಫಿಲ್ಮ್‌ನಲ್ಲಿ ಅದು ಇಲ್ಲ ಅನ್ನೋಷ್ಟು ಕಮ್ಮಿ, ಹಂಗಾಗಿ ಟ್ವೀಟರ್ ಮುಂದಕ್ಕೆ ನುಗ್ಗುತ್ತೆ. ಸೀರೀಸಲ್ಲಿ 0.47 ಓಮ್ ರೆಸಿಸ್ಟರ್ ಒಂದು ಹಾಕ್ದೆ, ಹಿಡಿತಕ್ಕೆ ಬಂತು. 24ರದ್ದಕ್ಕೆ ಹೊಸ ಎನ್‌ಪೀನೇ ಸಾಕು, ಅಷ್ಟು ಮೈಕ್ರೋಫ್ಯಾರಡ್‌ನ ಫಿಲ್ಮ್ ಬೋರ್ಡ್ ಮೇಲೆ ಹಿಡಿಸೋದೂ ಇಲ್ಲ. ವೋಲ್ಟೇಜ್ ಹಳೇದಕ್ಕಿಂತ ಜಾಸ್ತಿ ಇದ್ರೆ ತೊಂದ್ರೆ ಇಲ್ಲ, ಕಮ್ಮಿ ಇರಬಾರ್ದು. ಪ್ಲಸ್ ಮೈನಸ್ ಇರೋ ಮಾಮೂಲಿ ಎಲೆಕ್ಟ್ರೋಲಿಟಿಕ್ ಹಾಕ್ಬೇಡಿ.

ಹಳೇಮಾಲು:
ಗುರು, ಹಿಂದ್ಗಡೆ ಟ್ರೆಬಲ್ ಕಂಟ್ರೋಲ್ ತಿರುಗಣೆ ಇದ್ಯಾ? ಇದ್ರೆ ನನ್ನ ಅನುಮಾನ ಅದರ ಮೇಲೇ. 1967ರಲ್ಲಿ ಬಂದ ಎಆರ್-3ಎ ಸ್ಪೀಕರ್ ಹೆಸರು ಎತ್ತಿದ್ರೆ ರಿಪೇರಿ ಮಾಡೋರು ಮೊದ್ಲು ಕೇಳೋದೇ ಪಾಟ್ (ಆ ತಿರುಗಣೇನೇ) ಹೆಂಗಿದೆ ಅಂತ, ಒಳಗಿನ ಕಾಂಟ್ಯಾಕ್ಟ್ ಕಿಲುಬು ಹಿಡ್ದು ಟ್ವೀಟರ್ ಪೂರ್ತಿ ಸತ್ತಂಗೆ ಕಾಣುತ್ತೆ.

ಇನ್ನೊಂದು, ಬಿಚ್ಚೋ ಮುಂಚೆ ವೈರ್ ಬಣ್ಣ ಕಾಣೋ ಹಂಗೆ ಫೋಟೋ ತಗೊಳ್ಳಿ. ನಾನೊಂದ್ಸಲ ಟ್ವೀಟರ್ ವೈರ್ ಉಲ್ಟಾ ಇದೆ, ಯಾರೋ ತಪ್ಪು ಮಾಡಿದಾರೆ ಅಂತ "ಸರಿ" ಮಾಡ್ದೆ. ಹಾಡೋರ ದನಿ ಟೊಳ್ಳಾಗೋಯ್ತು. ಎರಡು ವಾರ ಕಂಡೆನ್ಸರ್ ಬೈಕೊಂಡು ಓಡಾಡಿದ್ಮೇಲೆ ಗೊತ್ತಾಯ್ತು, ಸೆಕೆಂಡ್ ಆರ್ಡರ್ ಕ್ರಾಸ್‌ಓವರ್‌ಗಳಲ್ಲಿ (ಟ್ವೀಟರ್ ದಾರೀಲಿ ಕಂಡೆನ್ಸರ್ ಜೊತೆ ಒಂದು ಕಾಯಿಲ್ಲೂ ಇರೋವು) ಬೇಕಂತ್ಲೇ ಉಲ್ಟಾ ಕೊಟ್ಟಿರ್ತಾರೆ, ಇಲ್ಲಾಂದ್ರೆ ಎರಡು ಡ್ರೈವರ್ ಸೇರೋ ಜಾಗ್ದಲ್ಲಿ ಒಂದನ್ನೊಂದು ಅಳಿಸಿ ಹಾಕುತ್ವೆ ಅಂತ.

ಧೂಳುಡಬ್ಬಿ:
ಎಲ್ರಿಗೂ ಥ್ಯಾಂಕ್ಸ್, ಈ ಭಾನುವಾರ ಕೂತು ಮಾಡ್ದೆ. ಟ್ವೀಟರ್ ಬದಲಾಯಿಸಿದ್ರೂ ಮಂಕು ಬಲಗಡೇನೇ ಇತ್ತು. ಹಳೇಮಾಲು ಅವ್ರೇ, ತಿರುಗಣೆ ಇದೆ! ತಿರುಗಿಸಿದ್ರೆ ಕರಕರ ಅಂದು ಒಂದು ಜಾಗ್ದಲ್ಲಿ ಮಾತ್ರ ಟ್ವೀಟರ್ ಮಾತಾಡ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು ಈ ತುದಿಯಿಂದ ಆ ತುದಿಗೆ ಐವತ್ತು ಸಲ ತಿರುಗಿಸಿದೆ, ಮುಕ್ಕಾಲು ಪಾಲು ಸದ್ದು ವಾಪಸ್ ಬಂತು. ಕಾಲು ಬಿಡಿಸಿ ಅಳೆದ್ರೆ 4ರದ್ದು ಬಲಗಡೆ 5.3, ಎಡಗಡೆ 4.9. ಉಳಿದವು 10 ಪರ್ಸೆಂಟ್ ಒಳಗೇ ಇವೆ. ಹಂಗಾದ್ರೆ ನಾನು ಚೆನ್ನಾಗಿದೆ ಅನ್ಕೊಂಡಿದ್ದ ಎಡಗಡೇದೂ ಸರಿ ಇಲ್ವಾ?

ಸುರುಳಿತಂತಿ:
ಇಲ್ಲ ಅಂತ್ಲೇ ಲೆಕ್ಕ. 8 ಓಮ್ ಟ್ವೀಟರ್‌ಗೆ 4 ಅಂದ್ರೆ ಸುಮಾರು 5000 ಹರ್ಟ್ಸ್‌ಗಿಂತ ಕೆಳಗಿನ ಸದ್ದಿಗೆ ಕತ್ತರಿ ಬೀಳುತ್ತೆ, 5.3 ಆದ್ರೆ ಆ ಗಡಿ 3750ಕ್ಕೆ ಇಳಿಯುತ್ತೆ, ಪಾಪ ಆ ಸಣ್ಣ ಟ್ವೀಟರ್ ಮೇಲೆ ಅದರದಲ್ಲದ ಭಾರ. 4ರದ್ದು ಎರಡೂ ಕಡೆ ಬದಲಾಯಿಸಿ, ಒಂದೇ ಕಡೆ ಮಾಡಿದ್ರೆ ಜೋಡಿ ಕೆಡುತ್ತೆ. ಉಳಿದವುಗಳ ಇಎಸ್‌ಆರ್ ಸರಿ ಇದ್ರೆ ಹಂಗೇ ಬಿಡಿ. ಮೊದ್ಲು ಒಂದು ಡಬ್ಬಕ್ಕೆ ಹಾಕಿ, ಮೋನೋದಲ್ಲಿಟ್ಟು ಇನ್ನೊಂದರ ಜೊತೆ ಹೋಲಿಸಿ ಕೇಳಿ, ಆಮೇಲೆ ಎರಡನೇದು.

ಧೂಳುಡಬ್ಬಿ:
ಆಯ್ತು, ಆರ್ಡರ್ ಮಾಡಿದೀನಿ. ಆದ್ರೆ ಈಗ ಬಟ್ಟೆ ಗ್ರಿಲ್ ಒರೆಸೋಣ ಅಂತ ತೆಗೆದ್ರೆ ವೂಫರ್ (ದಪ್ಪ ಸದ್ದಿನ ದೊಡ್ಡ ಡ್ರೈವರ್) ಅಂಚಲ್ಲಿರೋ ಫೋಮ್ ಬೆರಳು ತಾಗಿದ ಕಡೆ ಅಂಟಂಟಾಗಿ ಕಪ್ಪಗೆ ಉದುರ್ತು 😭

ಹಳೇಮಾಲು:
ಹಹ್ಹಾ ಬಂದೇ ಬಿಡ್ತು. ಫೋಮ್ ಹಂಗೇನೇ, ಗಾಳಿಯ ತೇವಕ್ಕೇ ಕೊಳೆಯುತ್ತೆ, ನೀವು ಮುಟ್ಟಿದ್ದಕ್ಕಲ್ಲ. ಹೊಸ ಫೋಮ್ ಹಾಕೋವರ್ಗೂ ಜೋರಾಗಿ ಇಡ್ಬೇಡಿ, ಕೋನ್ ಓರೆಯಾದ್ರೆ ವಾಯ್ಸ್ ಕಾಯಿಲ್ ಉಜ್ಜಿ ಹೋಗುತ್ತೆ. ವೂಫರ್ ಅಳತೆ ಹಾಕಿ ಹೊಸ ಥ್ರೆಡ್ ತೆಗೀರಿ, ಅಂಟಿಸೋದು ಹೆಂಗೆ ಅಂತ ಅಲ್ಲಿ ಹೇಳ್ತೀನಿ.