ಅಂಜನಾದ್ರಿ ಪಕ್ಕ ಅಷ್ಟು ದೊಡ್ಡದಾಗಿ ಕಂಡ ಚಂದ್ರ ಫೋಟೊದಲ್ಲಿ ಯಾಕೆ ಇಷ್ಟು ಚಿಕ್ಕದು?

ಗಂಗಾವತಿ ಹುಡುಗಿ:
ಹುಣ್ಣಿಮೆ ಸಂಜೆ ಸಾಣಾಪುರದಿಂದ ವಾಪಸ್ ಬರುತ್ತಿದ್ದೆವು. ಅಂಜನಾದ್ರಿ ಪಕ್ಕ ಬಂಡೆಗಳ ಸಂದಿಯಿಂದ ಚಂದ್ರ ಮೇಲೆದ್ದ. ಜೋಳದ ರೊಟ್ಟಿಯಷ್ಟು ಅಗಲ, ನಿಜವಾಗಲೂ! ಗಾಡಿ ನಿಲ್ಲಿಸಿ ಫೋಟೊ ತೆಗೆದರೆ ಎಳ್ಳು ಕಾಳಿನಷ್ಟು ಚುಕ್ಕೆ. ಊಟ ಮುಗಿಸಿ ಮಾಳಿಗೆ ಹತ್ತಿ ನೋಡಿದೆ, ಅಲ್ಲೂ ಚಿಕ್ಕವನೇ. ತಪ್ಪು ಕಣ್ಣಿನದೋ ಫೋನಿನದೋ?

ಕಾರಟಗಿ ರೈತ:
ಕೆಳಗೆ ಗಾಳಿ ದಟ್ಟ ಇರುತ್ತದೆ ತಂಗಿ, ಅದು ಭೂತಗನ್ನಡಿ ಥರ ದೊಡ್ಡದು ಮಾಡುತ್ತದೆ ಅಂತ ಕೇಳಿದ್ದೆ.

ಕೊಪ್ಪಳ ಮೇಷ್ಟ್ರು:
ಇಲ್ಲ ಅಣ್ಣ, ಗಾಳಿಯಿಂದ ಬಣ್ಣ ಕೆಂಪಾಗುತ್ತದೆ, ಆಕಾರ ಮೇಲೆ ಕೆಳಗೆ ಸ್ವಲ್ಪ ಚಪ್ಪಟೆಯಾಗುತ್ತದೆ, ಅಷ್ಟೇ. ದೊಡ್ಡದಾಗುವುದಿಲ್ಲ. ನೋಡಿದರೆ ನೆತ್ತಿ ಮೇಲಿದ್ದಾಗಿನಕ್ಕಿಂತ ಹುಟ್ಟುವಾಗಲೇ ಚಂದ್ರ ನಮಗೆ ಸುಮಾರು 6,000 ಕಿ.ಮೀ. ಜಾಸ್ತಿ ದೂರ ಇರುತ್ತಾನೆ. ಕಣ್ಣಿಗೆ ಅವನ ಅಗಲ ಯಾವಾಗಲೂ ಅರ್ಧ ಡಿಗ್ರಿ ಅಷ್ಟೇ. ನಂಬಿಕೆ ಇಲ್ಲದಿದ್ದರೆ ಮನೆಯಲ್ಲಿರುವ ಸೋನಾ ಮಸೂರಿ ಅಕ್ಕಿಯ ಒಂದು ಕಾಳು ತಗೊಂಡು ಕೈ ಪೂರ್ತಿ ಚಾಚಿ ಹಿಡಿಯಿರಿ, ಕಾಳಿನ ಉದ್ದ ಚಂದ್ರನ ಅಗಲಕ್ಕೆ ಹೆಚ್ಚುಕಮ್ಮಿ ಸರಿ ಹೋಗುತ್ತದೆ, ಸಂಜೆಯೂ ಅಷ್ಟೇ ಮಧ್ಯರಾತ್ರಿಯೂ ಅಷ್ಟೇ.

ಆಟ ಆಡುವುದು ಮಿದುಳು. ರೈಲು ಹಳಿ ದೂರದಲ್ಲಿ ಕೂಡಿಕೊಂಡಂತೆ ಕಾಣುತ್ತವಲ್ವಾ? ಅಂಥ ಎರಡು ಗೆರೆಗಳ ನಡುವೆ ಒಂದೇ ಅಳತೆಯ ಎರಡು ಪಟ್ಟಿ ಅಡ್ಡ ಎಳೆದರೆ ಗೆರೆ ಕೂಡುವ ಕಡೆ ಇರುವ ಪಟ್ಟಿ ಉದ್ದ ಅನ್ನಿಸುತ್ತದೆ. ಇದನ್ನು ತೋರಿಸಿದವನು ಇಟಲಿಯ ಮಾರಿಯೊ ಪೊಂಝೊ. ಭತ್ತದ ಗದ್ದೆ, ತೆಂಗಿನ ಸಾಲು, ಬೆಟ್ಟ ದಾಟಿ ಚಂದ್ರ ಕಂಡಾಗ 'ಇಷ್ಟು ದೂರ ಇದ್ದೂ ಇಷ್ಟು ಕಾಣುತ್ತಿದೆ, ಹಾಗಾದರೆ ಭಾರೀ ದೊಡ್ಡದೇ' ಎಂದು ಮಿದುಳು ಲೆಕ್ಕ ಹಾಕುತ್ತದೆ. ವಿದ್ವಾಂಸರು ಇನ್ನೂ ಇದರ ಮೇಲೆ ವಾದ ಮಾಡುತ್ತಾರೆ, ಆದರೆ ನನಗೆ ಜಾಸ್ತಿ ಒಪ್ಪಿಗೆಯಾಗುವ ಉತ್ತರ ಇದೇ.

ಬಳ್ಳಾರಿ ಕ್ಯಾಮೆರಾ:
ಮೇಷ್ಟ್ರು ಹೇಳಿದ್ದು ಸರಿ. ಫೋನ್ ಲೆನ್ಸ್ ಸುಮಾರು 70 ಡಿಗ್ರಿ ಅಗಲ ನೋಡುತ್ತದೆ, ಅದರಲ್ಲಿ ಅರ್ಧ ಡಿಗ್ರಿ ಅಂದರೆ ಚುಕ್ಕೆಯೇ. ದೊಡ್ಡ ಚಂದ್ರ ಬೇಕಾದರೆ ಬೆಟ್ಟದಿಂದ ದೂರ ಹೋಗಿ ಅಕ್ಕ, ಹತ್ತಿರ ಅಲ್ಲ. 9 ಮೀಟರ್ ಅಗಲದ ಬಂಡೆ 1 ಕಿ.ಮೀ. ದೂರದಿಂದ ಚಂದ್ರನಷ್ಟೇ ಕಾಣುತ್ತದೆ. ಬಂಡೆಯಿಂದ 3 ಕಿ.ಮೀ. ದೂರಕ್ಕೆ ಹೋದರೆ ಬಂಡೆ ಮೂರನೇ ಒಂದು ಭಾಗ ಆಗುತ್ತದೆ, ಚಂದ್ರ ಹಾಗೇ ಇರುತ್ತಾನೆ. ಆಮೇಲೆ ಉದ್ದನೆಯ ಜೂಮ್ ಲೆನ್ಸ್ ಹಾಕಿ ತೆಗೆಯಿರಿ.

ಗಂಗಾವತಿ ಹುಡುಗಿ:
ಅಕ್ಕಿ ಕಾಳು ಹಿಡಿದು ನೋಡಿದೆ ಸರ್. 7 ಗಂಟೆಗೂ 11 ಗಂಟೆಗೂ ಅದೇ ಕಾಳು ಸಾಕಾಯಿತು! ಆದರೆ ಕೈ ಇಳಿಸಿದ ಕೂಡಲೇ ಗದ್ದೆ ಮೇಲಿನ ಚಂದ್ರ ಮತ್ತೆ ರೊಟ್ಟಿಯಷ್ಟಾದ. ಅಮ್ಮನಿಗೂ ಹಾಗೇ ಕಂಡಿತು. ಮುಂದಿನ ಹುಣ್ಣಿಮೆಗೆ ಜೂಮ್ ಲೆನ್ಸ್ ಕೇಳಿ ತಂದು ಸಾಣಾಪುರದ ಕಡೆಯೇ ನಿಲ್ಲುತ್ತೇನೆ.